ಮಾಂಡವಿಯ ಸಂಜೆ ದೋಣಿಗಳು: ಯಾವುದಕ್ಕೆ ಟಿಕೆಟ್ ಕೊಳ್ಳಬೇಕು?

ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟುವ ನದಿಯೇ ಪಣಜಿಯ ಹೊತ್ತಿಗೆ ಮಾಂಡವಿಯಾಗಿ, ಸಂಜೆಯಾಯಿತೆಂದರೆ ಹಾಡು ಕುಣಿತದ ದೋಣಿಗಳನ್ನು ಬೆನ್ನ ಮೇಲೆ ಹೊತ್ತು ನಿಲ್ಲುತ್ತದೆ. ಧಾರವಾಡದಿಂದ ಹೋದ ಮೂರು ಪ್ರವಾಸಗಳಲ್ಲಿ ನಾನು ಮೂರು ಬಗೆಯ ವಿಹಾರಗಳನ್ನೂ ಹತ್ತಿ ನೋಡಿದ್ದೇನೆ: ಸೂರ್ಯಾಸ್ತದ ಒಂದು ಗಂಟೆಯದು, ಕತ್ತಲಾದ ಮೇಲಿನ ಒಂದು ಗಂಟೆಯದು, ಊಟ ಸಮೇತ ಎರಡು ಗಂಟೆಯದು.

ಎಲ್ಲರೂ ಮುಗಿಬೀಳುವುದು ಸೂರ್ಯಾಸ್ತದ ದೋಣಿಗೆ. ಆದರೆ ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು 6 ಗಂಟೆ ದಾಟಿದ ಕೆಲವೇ ನಿಮಿಷಕ್ಕೆ. ನಮ್ಮ 6 ಗಂಟೆಯ ದೋಣಿ ಜನರನ್ನು ತುಂಬಿಸಿಕೊಂಡು ಮಾಂಡವಿ ಸೇತುವೆಯ ಪಕ್ಕದ ಧಕ್ಕೆಯಿಂದ ಕದಲುವಷ್ಟರಲ್ಲಿ ಆಕಾಶದಲ್ಲಿ ಕೆಂಪು ಮಾತ್ರ ಉಳಿದಿತ್ತು. ಏಪ್ರಿಲ್‌ನಲ್ಲಾದರೆ ಸೂರ್ಯಾಸ್ತ 6.45ರ ಆಸುಪಾಸಿಗೆ ಸರಿಯುವುದರಿಂದ ಈ ತೊಂದರೆಯಿಲ್ಲ. ಎಡಕ್ಕೆ ಆದಿಲ್‌ಶಾಹಿ ಅರಮನೆ, ಮುಂದೆ ಮಿರಾಮಾರ್ ಕಡಲತೀರ, ಬಲದಂಡೆಯ ಗುಡ್ಡದ ಮೇಲೆ ರೈಸ್ ಮಾಗೊಸ್ ಕೋಟೆ ಕಾಣುತ್ತವೆ. ಇವೆಲ್ಲ ಕಾಣುವಷ್ಟು ಬೆಳಕಿರುವುದೇ ಈ ದೋಣಿಯ ಹೆಚ್ಚುಗಾರಿಕೆ, ಅದೇ ಅದರ ಕೊರತೆಯೂ ಹೌದು: ಜನರೆಲ್ಲ ಮೊಬೈಲ್ ಹಿಡಿದು ಕಟಾಂಜನಕ್ಕೆ ಒರಗಿರುತ್ತಾರೆ, ವೇದಿಕೆಯ ಮುಂದೆ ನಾಲ್ಕು ಮಕ್ಕಳು ಬಿಟ್ಟರೆ ಯಾರೂ ಇರುವುದಿಲ್ಲ.

ಕುಣಿಯುವ ಮನಸ್ಸಿದ್ದವರು ಕತ್ತಲಾದ ಮೇಲಿನದನ್ನೇ ಹಿಡಿಯಬೇಕು. ಕಾರ್ಯಕ್ರಮ ಹೆಚ್ಚುಕಡಿಮೆ ಅದೇ. ಮೊದಲು ತಲೆಯ ಮೇಲೆ ದೀಪವಿಟ್ಟುಕೊಂಡು ಕುಣಿಯುವ ಹೆಣ್ಣುಮಕ್ಕಳು, ಆಮೇಲೆ ಪೋರ್ಚುಗೀಸರ ಕಾಲದಿಂದ ಉಳಿದುಬಂದ ಕೊರಿಡಿನ್ಯೊ ಜೋಡಿನೃತ್ಯ, ನಡುನಡುವೆ ನಿರೂಪಕ ಮಕ್ಕಳನ್ನು, ದಂಪತಿಗಳನ್ನು, ಕೊನೆಗೆ ಗಂಡಸರನ್ನು ಸರದಿಯಂತೆ ವೇದಿಕೆಗೆ ಕರೆಯುತ್ತಾನೆ. ದೋಣಿಯ ಹಲಗೆ ಎಂಜಿನ್ನಿಗೂ ಅದುರುತ್ತದೆ, ಡೋಲಿಗೂ ಅದುರುತ್ತದೆ. ಚಪ್ಪಲಿ ಬಿಟ್ಟು ನಿಂತರೆ ಎರಡೂ ಅಂಗಾಲಿಗೆ ಬೇರೆಬೇರೆಯಾಗಿ ತಿಳಿಯುತ್ತವೆ. ಹಗಲಿನಲ್ಲಿ ಸೊಸೆಯ ಮುಂದೆ ಬಾಯಿ ಬಿಡದ ನಮ್ಮ ಮಾವನವರು ದಂಪತಿಗಳ ಸರದಿಯಲ್ಲಿ ಅತ್ತೆಯವರ ಕೈಹಿಡಿದು ಎದ್ದದ್ದು ಈ ದೋಣಿಯಲ್ಲೇ, ಮುಖ ಸರಿಯಾಗಿ ಕಾಣದ ಕತ್ತಲಲ್ಲಿ. ಹುಬ್ಬಳ್ಳಿಯ ಗುಂಪೊಂದು ಪಟ್ಟು ಹಿಡಿದು ಒಂದು ಕನ್ನಡ ಹಾಡನ್ನೂ ಹಾಕಿಸಿತು. ಹಿಂದಿರುಗುವಾಗ 2019ರಲ್ಲಿ ತೆರೆದ ಅಟಲ್ ಸೇತುವೆಯ ತೂಗುತಂತಿಗಳ ದೀಪ ಎದುರಿಗೇ ಬರುತ್ತದೆ. ಲಂಗರು ಹಾಕಿದ ಕ್ಯಾಸಿನೊ ಹಡಗುಗಳ ಬಣ್ಣವೂ ನೀರಿಗೆ ಬೀಳುತ್ತದೆ. ಅವು ನದಿಗೆ ಶೋಭೆಯೋ ಅಲ್ಲವೋ ಎಂಬ ತಕರಾರು ಪಣಜಿಯಲ್ಲಿ ಹಳೆಯದು. ನನಗಂತೂ ಅವುಗಳ ಬೆಳಕು ಅತಿಯೆನಿಸಿತು.

ಊಟದ ದೋಣಿಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಹಣ ಮೂರು ಪಟ್ಟು ಕೊಟ್ಟು, ಎರಡು ಗಂಟೆಯಲ್ಲಿ ಐವತ್ತು ನಿಮಿಷ ತಟ್ಟೆ ಹಿಡಿದು ಸಾಲಿನಲ್ಲಿ ನಿಂತೆವು. ನಮ್ಮ ಸರದಿ ಬರುವ ಹೊತ್ತಿಗೆ ಅನ್ನ ಆರಿತ್ತು, ಸಸ್ಯಾಹಾರದ ಪಲ್ಯ ಮುಗಿದಿತ್ತು. “ಉಣ್ಣಾಕ ಇಷ್ಟು ದೂರ ನೀರಿನ್ಯಾಗ ಬರಬೇಕಿತ್ತೇನು?” ಎಂದರು ನಮ್ಮ ತಾಯಿ. ಅಷ್ಟರಲ್ಲಿ ರಾತ್ರಿ 10 ಸಮೀಪಿಸಿತ್ತು. ಬಯಲಿನಲ್ಲಿ ಧ್ವನಿವರ್ಧಕ ಹಾಕಲು ಅದೇ ಕಾನೂನಿನ ಮಿತಿಯಾದ್ದರಿಂದ ಕುಣಿತ ಕಾವೇರುವ ಮೊದಲೇ ಸಂಗೀತ ನಿಂತಿತು. ಆದರೆ ಮೊಣಕಾಲು ನೋವಿರುವ ಹಿರಿಯರಿಗೆ ಇಲ್ಲಿ ಮೇಜು ಕುರ್ಚಿಯ ಅನುಕೂಲವಿದೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತದೆ ಎಂಬುದನ್ನು ಒಪ್ಪಲೇಬೇಕು. ಒಂದು ಗಂಟೆಯ ದೋಣಿಗಳಲ್ಲಿ ಆ ಸೌಕರ್ಯ ಬೇಕೆಂದರೆ ಸ್ಪೀಕರಿನಿಂದ ದೂರದ ಹಿಂದಿನ ಸಾಲಿಗೆ ಹೋಗಬೇಕು. ಅದಕ್ಕೆ ಅರ್ಧ ಗಂಟೆ ಮೊದಲೇ ಧಕ್ಕೆಯಲ್ಲಿರಬೇಕಾಗುತ್ತದೆ, ಏಕೆಂದರೆ ನಾವು ಹತ್ತಿದ ಎರಡರಲ್ಲೂ ಟಿಕೆಟ್ಟಿನ ಮೇಲೆ ಆಸನದ ಸಂಖ್ಯೆಯೇ ಇರಲಿಲ್ಲ, ಮೊದಲು ಹತ್ತಿದವರದೇ ಕುರ್ಚಿ.