ಹಿಂದಿನ ಗಾಲಿಗಳ ಹಿಡಿತ ಹೆಚ್ಚಿಸುತ್ತೇವೆ ಎಂದರೆ ಮೊದಲು ಇದನ್ನು ಓದಿ

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಬಿಎಂಡಬ್ಲ್ಯು 3 ಸೀರೀಸ್‌ನಂಥ, ಹಿಂದಿನ ಗಾಲಿಗಳಿಂದ ಓಡುವ ಕಾರು ಕೊಂಡು, ಮಳೆಯಲ್ಲಿ ಅದರ ಹಿಂಭಾಗ ಜಾರುತ್ತದೆಂದು ಗ್ಯಾರೇಜ್ ಹುಡುಕುತ್ತಿರುವವರು ಹಣ ಕೊಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ.

ಇದೇ ದೂರನ್ನು ಹೇಳಿಕೊಂಡು ನಾನು ಹೋದಾಗ ಊರಿನ ಗ್ಯಾರೇಜೊಂದರ ಮಾಲೀಕರು, "ಹಿಂದ ದಪ್ಪ ಬಾರ್ ಹಾಕಿದ್ರ ಗಾಡಿ ರೋಡಿಗೆ ಅಂಟಿದಂಗ ಹೋಗ್ತೈತ್ರೀ" ಎಂದು ಭರವಸೆ ಕೊಟ್ಟರು. ಹಿಂದಕ್ಕೆ ದಪ್ಪ ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ಎಡ-ಬಲ ಗಾಲಿಗಳನ್ನು ಜೋಡಿಸುವ ಕಂಬಿ), ನಾಲ್ಕೂ ಕಡೆ ಗಿಡ್ಡ ಸ್ಪ್ರಿಂಗ್, ಹಿಂದೆ ಎರಡು "ಹೊಸ" ಟೈರ್ ಹಾಕಿ, ಮುಂದಿನ ಗಾಲಿಗಳ ಅಲೈನ್‌ಮೆಂಟ್ ಮಾತ್ರ ಮಾಡಿ ಕಳುಹಿಸಿದರು. ಅಣ್ಣಿಗೇರಿಯ ಸಮೀಪ, ಟ್ರ್ಯಾಕ್ಟರ್‌ಗಳು ಹೊಲದಿಂದ ಹೊತ್ತು ತಂದ ಎರೆಮಣ್ಣು ತುಂತುರು ಮಳೆಗೆ ರಸ್ತೆಯ ಮೇಲೆ ಹರಡಿಕೊಂಡಿದ್ದಾಗ, ಸಾಧಾರಣ ವೇಗದಲ್ಲಿಯೇ ಕಾರಿನ ಹಿಂಭಾಗ ಹೊರಕ್ಕೆ ಬಂದು ಗಾಡಿ ಅಡ್ಡಲಾಗಿ ನಿಂತಿತು. ಎದುರಿಗೆ ಯಾರೂ ಇರಲಿಲ್ಲ.

ಅವರು ಮಾಡಿದ್ದು ಕೇಳಿದ್ದಕ್ಕೆ ನೇರ ವಿರುದ್ಧವಾದ ಕೆಲಸವಾಗಿತ್ತು. ತಿರುವಿನಲ್ಲಿ ಹಿಂದಿನ ಬಾರ್ ಬಿರುಸಾದಷ್ಟೂ ಒಳಗಿನ ಹಿಂಗಾಲಿಯ ಮೇಲಿನ ಭಾರ ತೆಗೆದು ಹೊರಗಿನದರ ಮೇಲೆ ಹಾಕುತ್ತದೆ; ಆದರೆ ಭಾರ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಟೈರಿನ ಹಿಡಿತ ಹೆಚ್ಚುವುದಿಲ್ಲವಾದ್ದರಿಂದ, ಹೊರಗಿನ ಗಾಲಿ ಗಳಿಸುವುದಕ್ಕಿಂತ ಒಳಗಿನದು ಕಳೆದುಕೊಳ್ಳುವುದೇ ಹೆಚ್ಚಾಗಿ, ಎರಡರ ಒಟ್ಟು ಹಿಡಿತ ಇಳಿಯುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಎರಡೂ ಗಾಲಿಗಳಿಗೆ ಹಂಚುವ ಗಿಯರ್) ಇರುವ ಕಾರಿನಲ್ಲಿ ಆಕ್ಸಲರೇಟರ್ ತುಳಿದೊಡನೆ ಭಾರವಿಲ್ಲದ ಆ ಒಳಗಾಲಿ ಸುಮ್ಮನೆ ತಿರುಗತೊಡಗುತ್ತದೆ. ಮುಂದಿನ ಗಾಲಿಗಳಿಂದ ಓಡುವ, ತಿರುವಿನಲ್ಲಿ ಮೂತಿ ಹೊರಕ್ಕೆಳೆಯುವ ಕಾರುಗಳಿಗೆ ಈ ಉಪಾಯ ಒಪ್ಪುತ್ತದೆ. ಅಲ್ಲಿ ಕಲಿತದ್ದನ್ನು ಇಲ್ಲಿ ಹಾಗೆಯೇ ಅಂಟಿಸಿದ್ದರೆಂದು ನನ್ನ ಅನುಮಾನ. ಇನ್ನು ಸ್ಪ್ರಿಂಗ್ ಗಿಡ್ಡವಾದಾಗ ಸಸ್ಪೆನ್ಷನ್ ಬೇಗನೆ ಬಂಪ್ ಸ್ಟಾಪ್‌ಗೆ, ಅಂದರೆ ಅದರ ಚಲನೆಯನ್ನು ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ, ಬಡಿಯುತ್ತದೆ. ನಮ್ಮ ರಸ್ತೆಯ ತಗ್ಗುಗಳಲ್ಲಿ ಆ ಕ್ಷಣಕ್ಕೆ ಸ್ಪ್ರಿಂಗ್ ಇದ್ದೂ ಇಲ್ಲದಂತೆಯೇ.

ಬೇರೆಡೆ ನಾಲ್ಕೂ ಗಾಲಿಗಳ ಅಲೈನ್‌ಮೆಂಟ್ ನೋಡಿಸಿದಾಗ ಹಿಂದಿನ ಒಂದು ಗಾಲಿ ಹೊರಮುಖವಾಗಿರುವುದು ಕಾಣಿಸಿತು. ಹಿಂದಿನ ಗಾಲಿಗಳು ತುಸು ಒಳಮುಖವಾಗಿದ್ದರೆ ಕಾರು ಹೆಚ್ಚು ಸ್ಥಿರವಾಗಿರುತ್ತದೆ. "ಹೊಸ" ಟೈರಿನ ಪಕ್ಕದಲ್ಲಿ 3517 ಎಂದಿತ್ತು, ಅಂದರೆ 2017ರ 35ನೇ ವಾರದಲ್ಲಿ ತಯಾರಾದದ್ದು. ಹಳತಾದ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ.

ಕೊನೆಗೆ ಕಂಪನಿಯ ಮೂಲ ಅಳತೆಯ ಬಾರ್ ಮತ್ತು ಸ್ಪ್ರಿಂಗ್, ಇತ್ತೀಚೆಗೆ ತಯಾರಾದ ನಾಲ್ಕು ಒಳ್ಳೆಯ ಟೈರ್, ಬಾಗಿಲ ಕಂಬದ ಚೀಟಿಯಲ್ಲಿರುವಷ್ಟೇ ಗಾಳಿ, ಇಷ್ಟರಿಂದಲೇ ಮೊದಲಿನ ದೂರೂ ಬಹುಮಟ್ಟಿಗೆ ನೀಗಿತು. ಆದ್ದರಿಂದ ಕೆಲಸಕ್ಕೆ ಮೊದಲೂ ನಂತರವೂ ಹಿಂದಿನ ಗಾಲಿಗಳ ಟೋ (ಗಾಲಿ ಒಳಮುಖ ಅಥವಾ ಹೊರಮುಖವಾಗಿರುವ ಕೋನ) ಮತ್ತು ಕ್ಯಾಂಬರ್ (ಗಾಲಿ ಪಕ್ಕಕ್ಕೆ ವಾಲಿರುವ ಕೋನ) ಇರುವ ಅಲೈನ್‌ಮೆಂಟ್ ಮುದ್ರಿತ ಪ್ರತಿ ಕೇಳಿ; ಕೊಡದವರ ಬಳಿ ಗಾಡಿ ಬಿಡಬೇಡಿ. ಬದಲಾವಣೆಗಳನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಪರಿಹಾರಕ್ಕೂ ತಕರಾರು ಬರಬಹುದು. ಕಳಚಿದ ಮೂಲ ಭಾಗಗಳನ್ನು ಅಂದೇ ಮನೆಗೆ ಒಯ್ಯಿರಿ. ನಾನು ಮರಳಿ ಕೇಳುವಷ್ಟರಲ್ಲಿ ನನ್ನವು ಗುಜರಿಗೆ ಹೋಗಿದ್ದವು, ಅವುಗಳ ಹಣವನ್ನು ಆ ಮಾಲೀಕರು ಇನ್ನೂ ಕೊಟ್ಟಿಲ್ಲ.