ಮಂಗಳೂರು–ಕಲಬುರಗಿ: ವಿಮಾನಕ್ಕಿಂತ ನನಗೆ ಸ್ಲೀಪರ್ ಬಸ್ಸೇ ಸರಿ

ಮಂಗಳೂರಿನಿಂದ ಕಲಬುರಗಿಗೆ ನಾನು ಮೂರು ದಾರಿಯಲ್ಲಿ ಹೋಗಿ ನೋಡಿದ್ದೇನೆ. ಈಗ ಯಾರು ಕೇಳಿದರೂ ಮಂಗಳೂರಿನ ಬಿಜೈ ಬಸ್ ನಿಲ್ದಾಣದಲ್ಲಿ ಸ್ಲೀಪರ್ ಬಸ್ ಹತ್ತಿ ಅಂತಲೇ ಹೇಳುತ್ತೇನೆ.

2019ರ ನವೆಂಬರ್‌ನಲ್ಲಿ ಕಲಬುರಗಿ ವಿಮಾನ ನಿಲ್ದಾಣ ಶುರುವಾದಾಗ ತುಂಬ ಖುಷಿಯಾಗಿತ್ತು. ಅಕ್ಕ ಇರುವುದು ಅಲ್ಲೇ. ಮಂಗಳೂರು ವಿಮಾನ ನಿಲ್ದಾಣ ಇರುವ ಬಜ್ಪೆಯಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 530 ಕಿ.ಮೀ. ಒಂದು ಗಂಟೆ ಚಿಲ್ಲರೆಯ ಹಾರಾಟ ಅಂತ ಲೆಕ್ಕ ಹಾಕಿದ್ದೆ. ಆದರೆ 2023ರ ಜುಲೈನಲ್ಲಿ ನಾನು ಹೊರಟಾಗ ನೇರ ವಿಮಾನವೇ ಇರಲಿಲ್ಲ. ಮೊದಲು ಪೂರ್ವಕ್ಕೆ ಬೆಂಗಳೂರು, ಅಲ್ಲಿಂದ ಉತ್ತರಕ್ಕೆ ಕಲಬುರಗಿ. ಆಕಾಶದಲ್ಲೇ 760 ಕಿ.ಮೀ. ದಾಟಿತು.

ಅದೂ ಪರವಾಗಿಲ್ಲ. ಪೆಟ್ಟು ಬಿದ್ದದ್ದು ಟಿಕೆಟ್‌ನಲ್ಲಿ. ಎರಡು ವಿಮಾನ, ಎರಡು ಬೇರೆ ಕಂಪನಿ, ಎರಡು ಬೇರೆ ಪಿಎನ್ಆರ್ (ಬುಕಿಂಗ್ ಸಂಖ್ಯೆ). ಹೀಗಿದ್ದರೆ ಬ್ಯಾಗು ತಾನಾಗಿ ಮುಂದಿನ ವಿಮಾನಕ್ಕೆ ಹೋಗುವುದಿಲ್ಲ. ಬೆಂಗಳೂರಿನಲ್ಲಿ ಬೆಲ್ಟ್ ಹತ್ತಿರ ಕಾದು ತೆಗೆದುಕೊಳ್ಳಬೇಕು, ಹೊರಗೆ ಬರಬೇಕು, ಇನ್ನೊಂದು ಟರ್ಮಿನಲ್‌ಗೆ ಬಸ್ ಹಿಡಿಯಬೇಕು, ಮತ್ತೆ ಚೆಕ್-ಇನ್, ಮತ್ತೆ ತಪಾಸಣೆ. ನಡುವೆ ಎರಡೂವರೆ ಗಂಟೆ ಬಿಟ್ಟಿದ್ದೆ. ಸಾಕು ಅನಿಸಿತ್ತು.

ಅವತ್ತು ಬಜ್ಪೆಯಲ್ಲಿ ಜಡಿಮಳೆ. ಗುಡ್ಡದ ನೆತ್ತಿಯ ಮೇಲಿನ ರನ್‌ವೇ ಅದು, ಮಳೆ ಮೋಡ ಕವಿದರೆ ಕಾಯಲೇಬೇಕು. ಒಂದೂವರೆ ಗಂಟೆ ತಡವಾಗಿ ಹೊರಟೆವು. ನಾನು ಬ್ಯಾಗು ಎಳೆದುಕೊಂಡು ಓಡಿ ಹೋಗುವಷ್ಟರಲ್ಲಿ ಎರಡನೇ ವಿಮಾನದ ಕೌಂಟರ್ ಮುಚ್ಚಿತ್ತು. ಮೊದಲ ಕಂಪನಿ ‘ನಿಮ್ಮನ್ನು ಬೆಂಗಳೂರಿಗೆ ತಲುಪಿಸಿದ್ದೇವೆ’ ಎಂದಿತು. ಎರಡನೆಯದು ‘ನೀವೇ ಬರಲಿಲ್ಲ’ ಎಂದಿತು. ಎರಡಕ್ಕೂ ಸೇರಿ 7,400 ರೂಪಾಯಿ ಕೊಟ್ಟಿದ್ದೆ. ಎರಡನೇ ಟಿಕೆಟ್‌ನಲ್ಲಿ ಒಂದಷ್ಟು ತೆರಿಗೆ ಹಣ ಬಿಟ್ಟು ಬೇರೇನೂ ವಾಪಸ್ ಬರಲಿಲ್ಲ.

ಅವತ್ತು ಕಲಬುರಗಿಗೆ ಮತ್ತೆ ವಿಮಾನ ಇರಲಿಲ್ಲ. ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ ಹತ್ತಿದೆ. ಮನೆ ಬಿಟ್ಟು 25 ಗಂಟೆಯ ಮೇಲೆ ಅಕ್ಕನ ಬಾಗಿಲು ತಟ್ಟಿದಾಗ ಮೊಮ್ಮಗಳ ತೊಟ್ಟಿಲು ಶಾಸ್ತ್ರ ಮುಗಿದು ಹೋಗಿತ್ತು. ಆ ಬೇಸರ ಇವತ್ತಿಗೂ ಇದೆ.

ಹೈದರಾಬಾದ್ ಮೇಲಿಂದಲೂ ಒಮ್ಮೆ ಹೋದೆ. ವಿಮಾನ ಒಂದೇ, ಅದು ನೆಮ್ಮದಿ. ಆದರೆ ಅಲ್ಲಿನ ವಿಮಾನ ನಿಲ್ದಾಣ ಇರುವ ಶಂಶಾಬಾದ್‌ನಿಂದ ಮತ್ತೆ ಸುಮಾರು 200 ಕಿ.ಮೀ. ರಸ್ತೆ, ಟ್ಯಾಕ್ಸಿ ಬಾಡಿಗೆ ಒಬ್ಬರಿಗೆ ಜಾಸ್ತಿಯೇ. ನಾಲ್ಕು ಜನ ಇದ್ದರೆ ಯೋಚಿಸಬಹುದು.

ಬಸ್ಸಿನಲ್ಲಿ ಸುಮಾರು 700 ಕಿ.ಮೀ. ಸಂಜೆ 4ಕ್ಕೆ ಹೊರಟರೆ ಮರುದಿನ ಬೆಳಗ್ಗೆ 8ರ ಹೊತ್ತಿಗೆ ಕಲಬುರಗಿ. ಅರಬೈಲ್ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳೆಸುತ್ತದೆ, ಅದಕ್ಕೇ ಊಟ ಹುಬ್ಬಳ್ಳಿ ಕಡೆಗೆ ಬಂದ ಮೇಲೆ. ಆಮೇಲೆ ನಿದ್ದೆ. ಬರುವಾಗ ಹತ್ತು ಕಿಲೋ ತೊಗರಿಬೇಳೆ, ಅಕ್ಕ ಕಟ್ಟಿಕೊಡುವ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಎಲ್ಲ ಬರುತ್ತದೆ. ವಿಮಾನದಲ್ಲಿ 15 ಕಿಲೋ ಮಿತಿ, ಅಷ್ಟೆಲ್ಲ ಆಗಲ್ಲ ಅಲ್ವಾ?

ಮಳೆಗಾಲದಲ್ಲಿ ಬಸ್ಸಿಗೂ ಅಪಾಯ ಇದೆ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತು. ಅಂಥ ದಿನಗಳಿಗೆ ಹೈದರಾಬಾದ್ ದಾರಿ ಇಟ್ಟುಕೊಂಡಿದ್ದೇನೆ. ಬೆಂಗಳೂರು ಮೇಲಿಂದ ವಿಮಾನ ಇದ್ದು, ಹಾರಲೇಬೇಕಾದರೆ ಎರಡೂ ಹಾರಾಟ ಒಂದೇ ಪಿಎನ್ಆರ್‌ನಲ್ಲಿ ಇರಲಿ. ಇಲ್ಲದಿದ್ದರೆ ಕೈಚೀಲ ಮಾತ್ರ ಹಿಡಿದು, ನಡುವೆ ಐದು ಗಂಟೆಯಾದರೂ ಬಿಡಿ.