ಹಾಕಿ ಸುದ್ದಿ ಆ್ಯಪ್‌ಗೆ ಒಂದು ಸೀಸನ್ ದುಡ್ಡು ಕಟ್ಟಿದ ಮೇಲೆ

2023ರ ನವೆಂಬರ್ 9ರ ರಾತ್ರಿ ನನಗೆ ಆಸ್ಪತ್ರೆ ಲ್ಯಾಬ್‌ನಲ್ಲಿ ನೈಟ್ ಡ್ಯೂಟಿ. ಹನ್ನೆರಡರ ಬ್ರೇಕ್‌ಗೆ ಲಾಕರ್ ತೆಗೆದು ಫೋನ್ ನೋಡಿದರೆ ಒಂದೇ ಆ್ಯಪ್‌ನಿಂದ 17 ಸಂದೇಶ. ನಮ್ಮ ಊರಿನ ಐಸ್ ಹಾಕಿ ತಂಡ ಎಡ್ಮಂಟನ್ ಆಯಿಲರ್ಸ್ ಸ್ಯಾನ್ ಹೊಸೆಯಲ್ಲಿ 3-2ರಿಂದ ಸೋತಿತ್ತು. ಸ್ಯಾನ್ ಹೊಸೆ ಶಾರ್ಕ್ಸ್ ಅಂದರೆ ಸೀಸನ್ ಶುರುವಾಗಿ ಸತತ 11 ಪಂದ್ಯ ಸೋತಿದ್ದ ತಂಡ. ಅಂಥವರ ಕೈಯಲ್ಲೂ ಸೋತು ನಮ್ಮವರು ಅವರ ಜೊತೆಗೇ ಪಟ್ಟಿಯ ತಳ ಸೇರಿದ್ದರು. ಹದಿನೇಳರಲ್ಲಿ ಒಂದು ಸಂದೇಶ ಸ್ಕೋರ್ ಹೇಳಿತ್ತು. ಉಳಿದವೆಲ್ಲ ಅಂತೆಕಂತೆ. ಕೋಚ್ ಇವತ್ತೇ ಹೋಗ್ತಾರಂತೆ, ಗೋಲ್‌ಕೀಪರ್‌ಗೆ ಹುಡುಕಾಟ ನಡೆದಿದೆಯಂತೆ, ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲ ಸರಿಯಿಲ್ಲವಂತೆ.

ಬ್ರೇಕ್ ಇದ್ದದ್ದೇ ಅರ್ಧ ಗಂಟೆ. ಅದನ್ನೆಲ್ಲ ಓದಿ ಮುಗಿಸುವಷ್ಟರಲ್ಲಿ ತಲೆ ಕೆಟ್ಟಿತ್ತು, ಊಟ ಹಾಗೇ ಉಳಿದಿತ್ತು. ಆ ಆ್ಯಪ್‌ನ ಬಗ್ಗೆ ಬರೆಯಬೇಕು ಅಂತ ಅವತ್ತೇ ಅಂದುಕೊಂಡಿದ್ದೆ. ಅವತ್ತೇ ಬರೆದಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ. ಪೂರ್ತಿ ಸೀಸನ್ ನೋಡಿ ಬರೆಯುತ್ತಿರುವುದು ಒಳ್ಳೆಯದೇ ಆಯಿತು.

ಹೆಸರು ಹಾಕುತ್ತಿಲ್ಲ. ಇಂಥ ಸೇವೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚಿನವು, ನನ್ನ ಅನುಭವ ಬೇರೆಯವರಿಗೂ ಹೊಂದಬಹುದು. ವರ್ಷಕ್ಕೆ 84 ಕೆನಡಾ ಡಾಲರ್. ಅದರಲ್ಲಿ ಸಿಗುವುದು ನಾಲ್ಕು: ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ 32 ತಂಡಗಳಿಗೂ ದಿನದ ಬರಹ, ವಾರಕ್ಕೆ ಎರಡು ಸಲ ಆಡಿಯೊ ಚರ್ಚೆ, ಆಟ ಬಿಡಿಸಿ ತೋರಿಸುವ ಚಿಕ್ಕ ವಿಡಿಯೊ, ಮತ್ತೆ ಈ ಅಂತೆಕಂತೆಯ ಗಂಟೆ, ಅಂದರೆ ಫೋನ್‌ನಲ್ಲಿ ಸದ್ದು ಮಾಡುವ ನೋಟಿಫಿಕೇಶನ್.

ಮೊದಲು ದಿನದ ಬರಹದ ಮಾತು, ನಾನು ದುಡ್ಡು ಕೊಡುತ್ತಿರುವುದೇ ಅದಕ್ಕೆ. ಸ್ಯಾನ್ ಹೊಸೆ ಸೋಲಿನ ಮರುದಿನ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಓದಿದೆ. ಊರೆಲ್ಲ ಕೋಚ್ ಜೇ ವುಡ್‌ಕ್ರಾಫ್ಟ್ ಅವರ ರಾಜೀನಾಮೆ ಕೇಳುತ್ತಿದ್ದ ಹೊತ್ತಿನಲ್ಲಿ ಆ ಬರಹ ಪಿಡಿಒ ಅನ್ನುವ ಲೆಕ್ಕ ಹಿಡಿದು ಕೂತಿತ್ತು. ತಂಡ ಹೊಡೆದ ಶಾಟ್‌ಗಳಲ್ಲಿ ನೂರಕ್ಕೆ ಎಷ್ಟು ಗೋಲಾದವು, ಎದುರಾದ ಶಾಟ್‌ಗಳಲ್ಲಿ ನೂರಕ್ಕೆ ಎಷ್ಟನ್ನು ಗೋಲ್‌ಕೀಪರ್ ತಡೆದರು, ಇವೆರಡನ್ನೂ ಕೂಡಿಸಿದರೆ ಪಿಡಿಒ. ಒಬ್ಬರು ಹೊಡೆದ ಗೋಲು ಇನ್ನೊಬ್ಬರು ಬಿಟ್ಟ ಗೋಲೇ ಆದ್ದರಿಂದ ಇಡೀ ಲೀಗಿನ ಸರಾಸರಿ ಯಾವಾಗಲೂ 100. ಯಾವುದೇ ತಂಡ ಅದಕ್ಕಿಂತ ತುಂಬ ಕೆಳಗೆ ಬಹಳ ದಿನ ಇರುವುದು ಅಪರೂಪ. ಎಡ್ಮಂಟನ್ ಅವಕಾಶಗಳನ್ನು ಚೆನ್ನಾಗಿಯೇ ಸೃಷ್ಟಿಸುತ್ತಿತ್ತು, ಆದರೆ ಪಕ್ (ಐಸ್ ಹಾಕಿಯ ಚಪ್ಪಟೆ ಚೆಂಡು) ಒಳಗೆ ಹೋಗುತ್ತಿರಲಿಲ್ಲ. ನಮ್ಮ ಬಲೆಗೆ ಬಂದದ್ದು ಮಾತ್ರ ನಿಲ್ಲುತ್ತಿರಲಿಲ್ಲ. ಹನ್ನೆರಡು ಪಂದ್ಯ ನೋಡಿ ತೀರ್ಪು ಬರೆಯಬೇಡಿ ಅನ್ನುವುದು ಬರಹದ ಸಾರ.

ಲ್ಯಾಬ್‌ನಲ್ಲಿ ಹದಿನಾಲ್ಕು ವರ್ಷ ದುಡಿದವಳಿಗೆ ಆ ಮಾತು ನೇರ ನಾಟಿತು. ಸ್ಯಾಂಪಲ್ ಸಾಲದಿದ್ದರೆ ನಾವು ರಿಪೋರ್ಟ್ ಬರೆಯುವುದಿಲ್ಲ, ಇನ್ನೊಮ್ಮೆ ರಕ್ತ ಕಳಿಸಿ ಅನ್ನುತ್ತೇವೆ. ಡಾಕ್ಟರಿಗೆ ಎಷ್ಟೇ ಅವಸರ ಇದ್ದರೂ ಅಷ್ಟೇ. ಹಾಕಿ ಬರಹದಲ್ಲಿ ಅಂಥ ತಾಳ್ಮೆಯನ್ನು ನಾನು ಅಷ್ಟರವರೆಗೆ ಕಂಡಿರಲಿಲ್ಲ.

ಆದರೂ ನವೆಂಬರ್ 12ಕ್ಕೆ ವುಡ್‌ಕ್ರಾಫ್ಟ್ ಅವರನ್ನು ತೆಗೆದರು. ಅದರ ಹಿಂದಿನ ದಿನವಷ್ಟೇ ಸಿಯಾಟಲ್‌ನಲ್ಲಿ 4-1ರಿಂದ ಗೆದ್ದಿದ್ದರು! ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್ ಎಎಚ್‌ಎಲ್‌ನ ಹಾರ್ಟ್‌ಫರ್ಡ್ ತಂಡದಿಂದ ಕ್ರಿಸ್ ನೋಬ್ಲಾಕ್ ಬಂದರು. ನಮ್ಮ ನಾಯಕ ಕಾನರ್ ಮೆಕ್‌ಡೇವಿಡ್ ಹುಡುಗನಾಗಿದ್ದಾಗ ಜೂನಿಯರ್ ತಂಡ ಈರಿ ಆಟರ್ಸ್‌ನಲ್ಲಿ ಅವರಿಗೆ ಕೋಚ್ ಆಗಿದ್ದವರು ಇವರೇ. ತಂಡದ ಹಾಕಿ ವ್ಯವಹಾರ ನೋಡಿಕೊಳ್ಳುವ ಜೆಫ್ ಜಾಕ್ಸನ್ ಹಿಂದೆ ಮೆಕ್‌ಡೇವಿಡ್ ಅವರ ಏಜೆಂಟ್. ಇಷ್ಟು ಸಾಕಲ್ಲ, ಇದೆಲ್ಲ ಮೆಕ್‌ಡೇವಿಡ್ ಮಾಡಿಸಿದ್ದು ಅನ್ನುವ ಮಾತು ಎಲ್ಲೆಡೆ ಹಬ್ಬಿತು. ಆ ವಾರದ ಆಡಿಯೊ ಚರ್ಚೆಯಲ್ಲಿ ನಡೆಸಿಕೊಡುವ ಇಬ್ಬರೂ ಜಗಳಕ್ಕೇ ನಿಂತರು. ಒಬ್ಬರು ಸ್ವಜನಪಕ್ಷಪಾತ ಅಂದರು. ಇನ್ನೊಬ್ಬರು, ಜೂನಿಯರ್‌ನಲ್ಲೂ ಎಎಚ್‌ಎಲ್‌ನಲ್ಲೂ ಕೋಚ್ ಆಗಿ ದುಡಿದು ಬಂದವರು, ಪರಿಚಯ ಇದ್ದ ಮಾತ್ರಕ್ಕೆ ಅನರ್ಹರಾಗುತ್ತಾರೆಯೇ ಅಂದರು. ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸಲಿಲ್ಲ, ಕೊನೆಗೆ ರಾಜಿಯೂ ಆಗಲಿಲ್ಲ. ಚರ್ಚೆ ಅಂದರೆ ನನಗೆ ಇದು. ಎರಡು ವರ್ಷ ಹಿಂದೆಯಷ್ಟೇ ತಂಡವನ್ನು ಕಾನ್ಫರೆನ್ಸ್ ಫೈನಲ್‌ವರೆಗೆ, ಅಂದರೆ ಸೆಮಿಫೈನಲ್‌ವರೆಗೆ, ಕೊಂಡೊಯ್ದಿದ್ದ ವುಡ್‌ಕ್ರಾಫ್ಟ್ ಅವರಿಗೆ ಅನ್ಯಾಯ ಆಯಿತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ದುಡ್ಡಿನ ನಿಯಮಗಳನ್ನು ಬಿಡಿಸಿ ಹೇಳುವುದರಲ್ಲೂ ಈ ಸೇವೆಗೆ ಪೂರ್ತಿ ಅಂಕ. ಗೋಲ್‌ಕೀಪರ್ ಜ್ಯಾಕ್ ಕ್ಯಾಂಬೆಲ್ ಅವರನ್ನು ನವೆಂಬರ್‌ನಲ್ಲೇ ನಮ್ಮ ಎಎಚ್‌ಎಲ್ ತಂಡ ಬೇಕರ್ಸ್‌ಫೀಲ್ಡ್‌ಗೆ ಇಳಿಸಿದಾಗ ನಾನು, ಸದ್ಯ, 50 ಲಕ್ಷ ಅಮೆರಿಕನ್ ಡಾಲರ್ ಸಂಬಳ ಉಳಿಯಿತು ಅಂದುಕೊಂಡಿದ್ದೆ. ಬರಹದಲ್ಲಿ ಲೆಕ್ಕ ಹಾಕಿ ತೋರಿಸಿದ್ದರು: ಕೆಳಗಿನ ಲೀಗಿಗೆ ಕಳಿಸಿದರೆ ಆ ಸೀಸನ್‌ನಲ್ಲಿ ಸಿಗುವ ರಿಯಾಯಿತಿ 11.5 ಲಕ್ಷ ಮಾತ್ರ, ಉಳಿದ 38.5 ಲಕ್ಷ ತಂಡ ಸಂಬಳಕ್ಕೆ ಖರ್ಚು ಮಾಡಬಹುದಾದ 8.35 ಕೋಟಿ ಡಾಲರ್ ಮಿತಿಯೊಳಗೆ ಹಾಗೇ ಕೂತಿರುತ್ತದೆ, ಆಟಗಾರ ಮಾತ್ರ ಇಲ್ಲ. ಹೊಸ ಗೋಲ್‌ಕೀಪರ್ ತನ್ನಿ ಅನ್ನುವುದು ಯಾಕೆ ಸುಲಭವಲ್ಲ ಅಂತ ಅರ್ಥವಾದದ್ದು ಆಗ.

ಮಾರ್ಚ್‌ನಲ್ಲೂ ಹೀಗೇ ಆಯಿತು. ಆಟಗಾರ ಆಡಮ್ ಹೆನ್ರೀಕ್ ಅವರನ್ನು ಅನಹೈಮ್ ತಂಡದಿಂದ ತಂದರಲ್ಲ, ನಡುವೆ ಟ್ಯಾಂಪಾ ತಂಡ ಯಾಕೆ ಬಂತು? ಅನಹೈಮ್ ಸಂಬಳದ ಅರ್ಧ ಹೊತ್ತುಕೊಂಡಿತು, ಒಂದು ತಂಡ ಅದಕ್ಕಿಂತ ಹೆಚ್ಚು ಹೊರುವಂತಿಲ್ಲ. ಉಳಿದರ್ಧದಲ್ಲಿ ಮತ್ತೆ ಅರ್ಧವನ್ನು ಟ್ಯಾಂಪಾ ಹೊತ್ತಿತು. ಎಡ್ಮಂಟನ್‌ಗೆ ಕಾಲು ಭಾಗದ ಭಾರ, ಬದಲಿಗೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ತಮ್ಮ ಮೊದಲ ಸುತ್ತಿನ ಆಯ್ಕೆ ಬಿಟ್ಟುಕೊಟ್ಟರು. ಮೂರು ಪೆಟ್ಟಿಗೆ, ನಾಲ್ಕು ಬಾಣ ಇರುವ ಒಂದು ಚಿತ್ರ ಹಾಕಿದ್ದರು. ನನ್ನ ಮಗ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಆದರೆ ಅದೇ ವಾರ ಗಂಟೆಯ ಹಾವಳಿ ಮಿತಿ ಮೀರಿತು. ಟ್ರೇಡ್ ಗಡುವು, ಅಂದರೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಕೊನೆಯ ದಿನ, ಮಾರ್ಚ್ 8ಕ್ಕೆ. ಹಗಲು ಮಲಗುವವಳು ನಾನು. ಮೂರು ದಿನ ನೆಟ್ಟಗೆ ನಿದ್ದೆ ಬರಲಿಲ್ಲ. ಫೋನ್ ಮೌನ ಮಾಡೋಣ ಅಂದರೆ ಆಸ್ಪತ್ರೆಯಿಂದ ಕರೆ ಬಂದರೆ ಗೊತ್ತಾಗುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋದರೆ ನನ್ನ ತಂಡದ ಸುದ್ದಿ ಮಾತ್ರ ಅಂತ ಇದೆ, ಖಚಿತವಾದ ಸುದ್ದಿ ಮಾತ್ರ ಅಂತ ಆಯ್ಕೆಯೇ ಇಲ್ಲ. ಮಾತುಕತೆ ನಡೆದಿದೆ ಅನ್ನುವುದೂ ಟ್ರೇಡ್ ಆಯಿತು ಅನ್ನುವುದೂ ಒಂದೇ ಸದ್ದಿನಲ್ಲಿ, ಒಂದೇ ಬಣ್ಣದಲ್ಲಿ ಬರುತ್ತವೆ. ಬರಹದಲ್ಲಿ ಅಷ್ಟು ತೂಕವಾಗಿ ಮಾತಾಡುವ ಜನ ಗಂಟೆಯಲ್ಲಿ ಹೀಗೇಕೆ? ಆಟಗಾರರ ಮನೆಯಲ್ಲೂ ಮಕ್ಕಳಿರುತ್ತಾರೆ, ಅಪ್ಪ ಯಾವ ಊರಿಗೆ ಹೋಗಬಹುದು ಅನ್ನುವ ಊಹೆ ಅವರ ಕಿವಿಗೂ ಬೀಳುತ್ತದೆ. ಬರೆದು ದೂರು ಕೊಟ್ಟೆ. ಮೂರನೇ ದಿನ ಉತ್ತರ ಬಂತು, ನಿಮ್ಮ ಸಲಹೆಗೆ ಧನ್ಯವಾದ ಅಂತ. ಜೂನ್‌ವರೆಗೂ ಏನೂ ಬದಲಾಗಲಿಲ್ಲ.

ಇನ್ನೊಂದು ತೊಂದರೆ. ನೈಟ್ ಡ್ಯೂಟಿಯವರು ಪಂದ್ಯವನ್ನು ಮರುದಿನ ರೆಕಾರ್ಡಿಂಗ್‌ನಲ್ಲಿ ನೋಡುತ್ತೇವೆ. ಆ್ಯಪ್ ತೆರೆದ ಕೂಡಲೇ ಮೇಲ್ತುದಿಯಲ್ಲಿ ಸ್ಕೋರ್ ಓಡುತ್ತದೆ, ಅದನ್ನು ಮುಚ್ಚಲು ದಾರಿಯಿಲ್ಲ. ಡಿಸೆಂಬರ್ 21ಕ್ಕೆ ಶುರುವಾದ ಗೆಲುವಿನ ಸರಣಿ 16ಕ್ಕೆ ಏರಿತ್ತು. ಇನ್ನೊಂದು ಗೆದ್ದಿದ್ದರೆ ಪಿಟ್ಸ್‌ಬರ್ಗ್ 1993ರಲ್ಲಿ ಮಾಡಿದ 17ರ ದಾಖಲೆಗೆ ಸಮ. ಫೆಬ್ರವರಿ 6ರಂದು ವೇಗಸ್‌ನಲ್ಲಿ ಸೋತು ಆ ಸರಣಿ ಮುರಿದದ್ದು ನನಗೆ ಗೊತ್ತಾದದ್ದು ಪಂದ್ಯದಿಂದಲ್ಲ, ಹಳೆಯ ಆಡಿಯೊ ಕೇಳೋಣ ಅಂತ ಆ್ಯಪ್ ಒತ್ತಿದಾಗ. 3-1 ಅಂತ ಕಣ್ಣಿಗೆ ಹೊಡೆಯಿತು. ತುಂಬ ಬೇಜಾರಾಯಿತು.

ಈಗ ಮೇ ತಿಂಗಳಿಗೆ ಬರುತ್ತೇನೆ. ಲೀಗ್ ಹಂತ ಮುಗಿದು ಪ್ಲೇಆಫ್ ನಡೆದಿತ್ತು, ಅಲ್ಲಿ ಮೊದಲು ನಾಲ್ಕು ಪಂದ್ಯ ಗೆದ್ದವರು ಮುಂದಿನ ಸುತ್ತಿಗೆ. ವ್ಯಾಂಕೂವರ್ ಎದುರಿನ ಮೂರನೇ ಪಂದ್ಯದಲ್ಲಿ ನಮ್ಮ ಗೋಲ್‌ಕೀಪರ್ ಸ್ಟುವರ್ಟ್ ಸ್ಕಿನ್ನರ್ 15 ಶಾಟ್‌ಗೆ 4 ಗೋಲು ಬಿಟ್ಟರು. ಸ್ಕಿನ್ನರ್ ಇದೇ ಎಡ್ಮಂಟನ್‌ನಲ್ಲಿ ಹುಟ್ಟಿ ಬೆಳೆದ ಹುಡುಗ. ಮೂರನೇ ಅವಧಿಗೆ ಇನ್ನೊಬ್ಬ ಗೋಲ್‌ಕೀಪರ್ ಕ್ಯಾಲ್ವಿನ್ ಪಿಕರ್ಡ್ ಬಂದರು, ಮುಂದಿನ ಪಂದ್ಯಕ್ಕೂ ಅವರೇ. ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಮಗ ಬಾಗಿಲಲ್ಲೇ ನಿಂತಿದ್ದ.

"ಅಮ್ಮಾ, ಸ್ಕಿನ್ನರ್‌ನ ಕೂರಿಸ್ಬಿಟ್ರಂತೆ. ಇನ್ನು ಆಡ್ಸೋದೇ ಇಲ್ವಾ?"

"ಗೊತ್ತಿಲ್ಲ ಕಣೋ. ಸಂಜೆ ಬರಹ ಬರ್ಲಿ, ಓದಿ ಹೇಳ್ತೀನಿ."

ನಾಲ್ಕನೇ ಪಂದ್ಯ 3-2ರಿಂದ ಗೆದ್ದೆವು, ಐದನೆಯದು ಅದೇ ಅಂತರದಲ್ಲಿ ಸೋತೆವು. ಆರನೆಯದು ಸೋತರೆ ಸೀಸನ್ ಮುಗಿಯಿತು. ನೋಬ್ಲಾಕ್ ಸ್ಕಿನ್ನರ್ ಅವರನ್ನೇ ಮತ್ತೆ ಇಳಿಸಿದರು. ನಾನು ನಂಬುವ ಆ ಬರಹಗಾರರು ಇದು ತಪ್ಪು ನಿರ್ಧಾರ, ಪಿಕರ್ಡ್ ಏನು ತಪ್ಪು ಮಾಡಿದರು ಅಂತ ನೇರವಾಗಿ ಬರೆದರು. ಎಡ್ಮಂಟನ್ 5-1ರಿಂದ ಗೆದ್ದಿತು, ಏಳನೆಯದನ್ನೂ ಗೆದ್ದಿತು. ಮರುದಿನ ಆ ಹಳೆ ಬರಹ ತೆರೆದು ನೋಡಿದೆ. ಅಳಿಸಿರಲಿಲ್ಲ, ತಿದ್ದಿರಲಿಲ್ಲ. ಮೇಲೆ ಎರಡು ಸಾಲು ಸೇರಿಸಿದ್ದರು: ನನ್ನ ಅಂದಾಜು ತಪ್ಪಾಯಿತು, ಎರಡು ಪಂದ್ಯದ ಲೆಕ್ಕ ಹಿಡಿದು ಮಾತಾಡಿದೆ. ನವೆಂಬರ್‌ನಲ್ಲಿ ನಮಗೆ ಬೇಡ ಅಂದಿದ್ದನ್ನು ಮೇ ತಿಂಗಳಲ್ಲಿ ತಾವೇ ಮಾಡಿದ್ದರು, ಅದನ್ನು ತಾವೇ ಹಿಡಿದು ತೋರಿಸಿದ್ದರು. ಲ್ಯಾಬ್‌ನಲ್ಲೂ ತಪ್ಪು ರಿಪೋರ್ಟ್ ಹೋದರೆ ಹಳೆಯದನ್ನು ಅಳಿಸುವುದಿಲ್ಲ, ತಿದ್ದುಪಡಿ ಅಂತ ಮೇಲೆ ಬರೆದು ಸಹಿ ಹಾಕುತ್ತೇವೆ. 84 ಡಾಲರ್‌ನಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಆ ಎರಡು ಸಾಲು.

ಡಲ್ಲಾಸ್ ಸರಣಿಯ ಕೊನೆಯ ಪಂದ್ಯದಲ್ಲಿ ಎಡ್ಮಂಟನ್ ಹೊಡೆದದ್ದು ಬರೀ 10 ಶಾಟ್, ಸ್ಕಿನ್ನರ್ ತಡೆದದ್ದು 34. 2-1ರಿಂದ ಗೆದ್ದು ಫೈನಲ್ ಸೇರಿದೆವು. ಆ ಪಂದ್ಯದ ವಿಡಿಯೊ ವಿವರಣೆ ಆರು ನಿಮಿಷದ್ದು, ನಾನೂ ಮಗನೂ ನಾಲ್ಕು ಸಲ ನೋಡಿದ್ದೇವೆ. ಶಾಟ್ ಹೊಡೆಯುವವನ ಕಣ್ಣಿನಿಂದ ಬಲೆಯ ಎರಡು ಕಂಬಕ್ಕೆ ಗೆರೆ ಎಳೆದು, ಗೋಲ್‌ಕೀಪರ್ ಒಂದು ಹೆಜ್ಜೆ ಮುಂದೆ ಬಂದರೆ ಕಾಣುವ ಜಾಗ ಎಷ್ಟು ಮುಚ್ಚುತ್ತದೆ, ತುಂಬ ಮುಂದೆ ಬಂದರೆ ಪಕ್ಕಕ್ಕೆ ಪಾಸ್ ಮಾಡಿದಾಗ ಎಷ್ಟು ದೂರ ಜಾರಬೇಕಾಗುತ್ತದೆ ಅಂತ ತೋರಿಸುತ್ತಾರೆ. ಇಂಥದ್ದು ತಿಂಗಳಿಗೆ ಒಂದೋ ಎರಡೋ ಬರುತ್ತದೆ. ವಾರಕ್ಕೊಂದಾದರೂ ಬೇಕಿತ್ತು.

ಫೈನಲ್‌ನಲ್ಲಿ ಫ್ಲಾರಿಡಾ ಎದುರು 0-3 ಹಿಂದಿದ್ದು, 8-1, 5-3, 5-1 ಅಂತ ಮೂರೂ ಗೆದ್ದು ಸಮ ಮಾಡಿದ್ದು, ಜೂನ್ 24ರಂದು 2-1ರಿಂದ ಸೋತದ್ದು ಎಲ್ಲರಿಗೂ ಗೊತ್ತು. ಅವತ್ತು ರಜೆ ಹಾಕಿ ಪಂದ್ಯ ನೋಡಿದೆ. ಸೋತ ತಂಡದ ಮೆಕ್‌ಡೇವಿಡ್ ಅವರಿಗೆ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಘೋಷಿಸಿದರು, ಅವರು ತೆಗೆದುಕೊಳ್ಳಲು ಐಸ್ ಮೇಲೆ ಬರಲಿಲ್ಲ. ಅದು ಸರಿಯೇ ತಪ್ಪೇ ಅಂತ ಗಂಟೆ ಆಗಲೇ ಬಾರಿಸತೊಡಗಿತ್ತು. ಬರಹ ಮಾತ್ರ ಅವತ್ತು ರಾತ್ರಿ ಬರಲಿಲ್ಲ, ಮರುದಿನ ಮಧ್ಯಾಹ್ನ ಬಂತು. ಅದರಲ್ಲಿ ಆ ಪ್ರಶಸ್ತಿಯ ಜಗಳದ ಸುದ್ದಿಯೇ ಇರಲಿಲ್ಲ. ಮೆಕ್‌ಡೇವಿಡ್ ಅವರ 34 ಅಸಿಸ್ಟ್‌ಗಳ (ಗೋಲಿಗೆ ದಾರಿ ಮಾಡಿಕೊಟ್ಟ ಪಾಸ್‌ಗಳ) ಪ್ಲೇಆಫ್ ದಾಖಲೆಯ ಬಗ್ಗೆ, ಹಿಂದಿನ ಕಾಲದ ತಾರೆ ವೇಯ್ನ್ ಗ್ರೆಟ್ಸ್ಕಿಯ 31 ಅದಕ್ಕೂ ಮುಂಚೆ ಎಷ್ಟು ವರ್ಷ ಅಲುಗಾಡದೆ ನಿಂತಿತ್ತು ಅನ್ನುವುದರ ಬಗ್ಗೆ ಇತ್ತು. ಓದುತ್ತಾ ಅತ್ತೆ.

ಸಬ್‌ಸ್ಕ್ರಿಪ್ಶನ್ ಹೇಳದೆ ಕೇಳದೆ ತಾನಾಗಿ ನವೀಕರಣ ಆಗುತ್ತದೆ, ಮೊದಲೇ ಒಂದು ಮಾತು ತಿಳಿಸುವುದಿಲ್ಲ. ಖರೀದಿಸುವವರು ತಾರೀಖು ಬರೆದಿಟ್ಟುಕೊಳ್ಳಿ. ಬರಹಕ್ಕೆ ಐದಕ್ಕೆ ಐದು, ಚರ್ಚೆಗೆ ನಾಲ್ಕು, ವಿಡಿಯೊಗೆ ಐದು ಕೊಟ್ಟರೂ ಸಂಖ್ಯೆ ಕಮ್ಮಿ ಅಂತ ಮೂರು, ಗಂಟೆಗೆ ಸೊನ್ನೆ. ಮೊದಲ ದಿನವೇ ನೋಟಿಫಿಕೇಶನ್ ಪೂರ್ತಿ ಆಫ್ ಮಾಡಿ, ಆಡಿಯೊ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಸ್ಕೋರ್ ಕಣ್ಣಿಗೆ ಬೀಳುವುದೂ ತಪ್ಪುತ್ತದೆ. ನಾನು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದೇನೆ. ಅಕ್ಟೋಬರ್‌ಗೆ ಮತ್ತೆ ಶುರು.